ಜಾಗ ಬದಲಿಸಿದ ಒಂದು ‘ಅನ್ನು’

ಲ್ಯಾಟಿನ್ ಪಾಠ ಹೇಳುವವರಿಗೆ ವಿಭಕ್ತಿಯೇ ಹೊಟ್ಟೆಪಾಡು. ಆದರೂ ಒಂದು ವಿಭಕ್ತಿಗಾಗಿ ಕಥೋಲಿಕ ಧರ್ಮಸಭೆಯೊಳಗೆ ಎಪ್ಪತ್ತು ವರ್ಷಕ್ಕೂ ಮೀರಿ ಜಗಳ ನಡೆದಿದೆ ಎಂದರೆ ಮೊದಲ ವರ್ಷದ ಹುಡುಗರು ನಂಬುವುದಿಲ್ಲ. ಈಚೆಗೆ ಒಬ್ಬ ವಿದ್ಯಾರ್ಥಿ ನಾಲ್ಕು ಪುಟದ ಕರಪತ್ರವೊಂದನ್ನು ಮೇಜಿನ ಮೇಲಿಟ್ಟ. ಒಂದು ಸಾಲಿನ ಕೆಳಗೆ ಕೆಂಪು ಗೆರೆ. ‘ಸರ್, ವ್ಯಾಟಿಕನ್ ಮಹಾಸಭೆಗೂ ಮೊದಲೇ ಪೋಪ್ ಹನ್ನೆರಡನೇ ಪಿಯುಸರು ಎಡವಿದ್ದರಂತೆ, ಹೌದಾ?’

ಸಂಪ್ರದಾಯವಾದಿ ಕಥೋಲಿಕರೆಂದರೆ ಪೂಜಾವಿಧಿಯ ಬದಲಾವಣೆಗೆ ದಾರಿ ತೆರೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯನ್ನು (1962–65) ಒಪ್ಪದವರು, ಅದಕ್ಕೂ ಹಿಂದಿನ ಪೋಪರನ್ನೆಲ್ಲ ತಲೆಯ ಮೇಲೆ ಹೊತ್ತವರು ಎಂಬುದು ನಮ್ಮಲ್ಲಿರುವ ಸಾಮಾನ್ಯ ತಿಳಿವಳಿಕೆ. ಅದು ಅರ್ಧ ನಿಜ. ಅವರಲ್ಲೇ ಒಂದು ಗುಂಪು, ರೋಗ ಮಹಾಸಭೆಗೂ ಮುಂಚೆ ಪೋಪರ ಪತ್ರಗಳಲ್ಲೇ ಹತ್ತಿಕೊಂಡಿತ್ತು ಎನ್ನುತ್ತದೆ. ಅವರು ಬೆರಳಿಟ್ಟು ತೋರಿಸುವ ಪತ್ರಗಳಲ್ಲಿ ಮುಖ್ಯವಾದದ್ದು 1947ರ ನವೆಂಬರ್ 20ರಂದು ಹೊರಟ ಹನ್ನೆರಡನೇ ಪಿಯುಸರ ‘ಮೆದಿಯಾತೋರ್ ದೇಯಿ’. ವಿಷಯ ದೈವಾರಾಧನೆ.

ಕೆಂಪು ಗೆರೆಯ ಸಾಲಿಗೆ ಬರೋಣ. ಐದನೇ ಶತಮಾನದ ಅಕ್ವಿಟೇನಿನ ಪ್ರಾಸ್ಪರ್ ಬರೆದದ್ದು ‘ಲೇಜೆಮ್ ಕ್ರೆದೆಂದಿ ಲೆಕ್ಸ್ ಸ್ತಾತುವತ್ ಸುಪ್ಲಿಕಾಂದಿ’. ಅಂದರೆ ಪ್ರಾರ್ಥನೆಯ ನಿಯಮ ವಿಶ್ವಾಸದ ನಿಯಮವನ್ನು ಸ್ಥಾಪಿಸಲಿ. ಪಿಯುಸರ ಪತ್ರದಲ್ಲಿ ಅದು ‘ಲೆಕ್ಸ್ ಕ್ರೆದೆಂದಿ ಲೇಜೆಮ್ ಸ್ತಾತುವತ್ ಸುಪ್ಲಿಕಾಂದಿ’. ವಿಶ್ವಾಸದ ನಿಯಮ ಪ್ರಾರ್ಥನೆಯ ನಿಯಮವನ್ನು ಸ್ಥಾಪಿಸಲಿ. ‘ಲೆಕ್ಸ್’ ಇದ್ದಲ್ಲಿ ‘ಲೇಜೆಮ್’, ‘ಲೇಜೆಮ್’ ಇದ್ದಲ್ಲಿ ‘ಲೆಕ್ಸ್’. ನಮ್ಮ ‘ಅನ್ನು’ ಪ್ರತ್ಯಯ ಈ ಪದ ಬಿಟ್ಟು ಆ ಪದಕ್ಕೆ ಹೋಗಿ ಕೂತಿದೆ, ಅಷ್ಟೇ. ಕರ್ತೃ ಕರ್ಮವಾಯಿತು.

ಟೀಕಾಕಾರರ ವಾದ ಇದು: ತಲೆತಲಾಂತರದಿಂದ ಬಂದ ಪೂಜಾವಿಧಿಯೇ ವಿಶ್ವಾಸಕ್ಕೆ ಸಾಕ್ಷಿ. ಅದನ್ನು ಮೇಲಿನವರ ಬೋಧನೆಗೆ ಅಡಿಯಾಳು ಮಾಡಿದರೆ, ವಿಧಿಯನ್ನು ಯಾವ ಪೋಪರೂ ಯಾವಾಗ ಬೇಕಾದರೂ ಬದಲಿಸಬಹುದು.

ನಾನು ಹುಡುಗನಿಗೆ ಪೂರ್ತಿ ಕಂಡಿಕೆ ಓದಿಸಿದೆ. ಪಿಯುಸರು ಪ್ರಾಸ್ಪರನ ಸಾಲನ್ನು ಕದ್ದು ತಿರುಚಿಲ್ಲ. ಅದನ್ನು ಮೊದಲು ಇದ್ದ ಹಾಗೇ ಉದ್ಧರಿಸಿ, ಪೂಜ್ಯವಾದ ಮಾತೆಂದು ಗೌರವಿಸುತ್ತಾರೆ. ಮರಿಯಮ್ಮ ಜನ್ಮಪಾಪವಿಲ್ಲದೆ ಗರ್ಭದಲ್ಲಿ ರೂಪುಗೊಂಡಳೆಂಬ ‘ನಿಷ್ಕಳಂಕ ಗರ್ಭಧಾರಣೆ’ಯ ಸಿದ್ಧಾಂತವನ್ನು ಸಾರುವಾಗ ಒಂಬತ್ತನೇ ಪಿಯುಸರು ಆರಾಧನಾವಿಧಿಯಿಂದಲೇ ಆಧಾರ ತೆಗೆದುಕೊಂಡದ್ದನ್ನು ನೆನೆಯುತ್ತಾರೆ. ಆಮೇಲೆ, ಎರಡರ ಸಂಬಂಧವನ್ನು ಒಟ್ಟಾರೆಯಾಗಿ ಹೇಳಬೇಕೆಂದರೆ ಹೀಗೂ ಹೇಳಬಹುದು ಎಂದು ತಿರುವಿದ ಸಾಲನ್ನು ಇಡುತ್ತಾರೆ. ಕರಪತ್ರದಲ್ಲಿದ್ದದ್ದು ಆ ಎರಡನೆಯದು ಮಾತ್ರ.

ಇನ್ನು ಪ್ರಾಸ್ಪರನಾದರೂ ಪೂಜಾವಿಧಿಯ ಪರವಾಗಿ ಸಿದ್ಧಾಂತ ಕಟ್ಟಲು ಹೊರಟವನಲ್ಲ. ನಂಬಿಕೆಯ ಮೊದಲ ಹೆಜ್ಜೆಗೂ ದೇವರ ಕೃಪೆ ಬೇಕೇ ಬೇಕೆಂದು ಸಾಧಿಸುವುದು ಅವನಿಗಿದ್ದ ಕೆಲಸ. ಎಲ್ಲರಿಗಾಗಿ ಬೇಡಿಕೊಳ್ಳಿರೆಂದು ಬೈಬಲಿನಲ್ಲಿ ಪ್ರೇಷಿತ ಪೌಲ ತಿಮೊಥೇಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ, ಧರ್ಮಸಭೆ ಎಲ್ಲೆಡೆ ಹಾಗೆಯೇ ಬೇಡುತ್ತದೆ. ಕೃಪೆ ಬೇಡವಾಗಿದ್ದರೆ ಈ ಬೇಡಿಕೆಯೇಕೆ ಎಂಬುದು ಅವನ ತರ್ಕ. ಆ ಪ್ರಾರ್ಥನೆಗೂ ಬುಡದಲ್ಲಿ ಪ್ರೇಷಿತರ ಬೋಧನೆಯೇ ಇದೆ. ಇವತ್ತಿನ ಜಗಳವನ್ನು ಎರಡೂ ಕಡೆಯವರು ಅವನ ಹೆಗಲಿಗೇರಿಸಿದ್ದಾರೆ, ಪಾಪ.

ಹಾಗೆಂದು ಟೀಕಾಕಾರರ ಮಾತು ಪೂರಾ ಜೊಳ್ಳಲ್ಲ. ಅದೇ ಪತ್ರ ಮುಂದೆ ಹೊಸ ವಿಧಿಗಳನ್ನು ತರುವ, ಬದಲಿಸುವ ಅಧಿಕಾರ ಪೋಪರೊಬ್ಬರದೇ ಎನ್ನುತ್ತದೆ. ಅದು ಬರಿಯ ಮಾತಾಗಿ ಉಳಿಯಲಿಲ್ಲ. 1948ರಲ್ಲಿ ಸುಧಾರಣಾ ಆಯೋಗ, 1951ರಲ್ಲಿ ಪಾಸ್ಕ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಆರಾಧನೆಯ ಹೊಸ ಕ್ರಮ, 1955ರ ನವೆಂಬರ್‌ನಲ್ಲಿ ಈಸ್ಟರ್‌ಗೆ ಮುಂಚಿನ ಇಡೀ ಪವಿತ್ರ ವಾರದ ಬದಲಾವಣೆ. ಆ ಆಯೋಗದ ಕಾರ್ಯದರ್ಶಿ ಅನ್ನಿಬಾಲೆ ಬುನಿನಿ. 1969ರ ಹೊಸ ಪೂಜಾಗ್ರಂಥವನ್ನು ಸಿದ್ಧಪಡಿಸಿದ ಸಮಿತಿಗೂ ಅವರೇ ಕಾರ್ಯದರ್ಶಿ. ಅನುಮಾನ ಬರದೇ ಇರುತ್ತದೆಯೇ?

ಜಾಗರಣೆಯ ಕಥೆಯನ್ನಂತೂ ನಾನು ತರಗತಿಯಲ್ಲಿ ಬಿಡುವುದಿಲ್ಲ. ಹಳೆಯ ಕ್ರಮದಲ್ಲಿ ಅದು ಶನಿವಾರ ಬೆಳಿಗ್ಗೆ ನಡೆಯುತ್ತಿತ್ತು. ಕಿಟಕಿಗಳಿಂದ ಬಿಸಿಲು ಬೀಳುತ್ತಿರುವಾಗ ದೀಪ ಹಿಡಿದವರು ‘ಇದೇ ಆ ರಾತ್ರಿ’ ಎಂದು ಹಾಡುತ್ತಿದ್ದರು. ಪಿಯುಸರು ಅದನ್ನು ರಾತ್ರಿಗೇ ತಂದರು. ಇದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಜೊತೆಗೆ ಹನ್ನೆರಡು ಬೈಬಲ್ ವಾಚನಗಳನ್ನು ನಾಲ್ಕಕ್ಕೆ ಇಳಿಸಿದರು. ಅದರಲ್ಲಿ ನೋಹನ ಜಲಪ್ರಳಯವೂ ಹೋಯಿತು, ಅಬ್ರಹಾಮನ ಬಲಿಯೂ ಹೋಯಿತು. ಇಲ್ಲಿ ನಾನು ಟೀಕಾಕಾರರ ಪಕ್ಷ.

ತಮಾಷೆಯೆಂದರೆ ಅದೇ ಪತ್ರದ 62ನೇ ಕಂಡಿಕೆ ಸಂಪ್ರದಾಯವಾದಿಗಳಿಗೆ ಬಾಯಿಪಾಠ. ಹಳೆಯದೆಂಬ ಒಂದೇ ಕಾರಣಕ್ಕೆ ಬಲಿಪೀಠವನ್ನು ಮತ್ತೆ ಮೇಜಿನ ಆಕಾರಕ್ಕೆ ತರಬೇಕೆನ್ನುವವರು, ಕಪ್ಪು ಪೂಜಾವಸ್ತ್ರ ಬೇಡವೆನ್ನುವವರು ದಾರಿ ತಪ್ಪಿದ್ದಾರೆ ಎಂದು ಪಿಯುಸರು ಅಲ್ಲಿ ಗದರುತ್ತಾರೆ. ಮಹಾಸಭೆಯ ನಂತರದ ಬದಲಾವಣೆಗಳ ವಿರುದ್ಧ ಇದಕ್ಕಿಂತ ಹರಿತವಾದ ಆಯುಧ ಅವರಿಗೆ ಬೇರೆ ಎಲ್ಲಿ ಸಿಕ್ಕೀತು?

ಗೆರೆಯನ್ನು ಯಾವ ಇಸವಿಗೆ ಎಳೆಯುವುದೆಂಬುದೇ ಅವರ ಪೇಚು. ಮಹಾಧರ್ಮಾಧ್ಯಕ್ಷ ಲೆಫೆವ್ರ್ 1970ರಲ್ಲಿ ಕಟ್ಟಿದ ಸಂಪ್ರದಾಯವಾದಿ ಸಂಘ, ಹನ್ನೆರಡನೇ ಪಿಯುಸರ ಬದಲಾವಣೆಗಳನ್ನೂ ಒಳಗೊಂಡ 1962ರ ಪೂಜಾಗ್ರಂಥಕ್ಕೆ ನಿಂತಿತು. 1983ರಲ್ಲಿ ಅಮೆರಿಕದ ಒಂಬತ್ತು ಯಾಜಕರು ಆ ಸಂಘದಿಂದ ಹೊರಬಿದ್ದರು. ಅದಕ್ಕಿಂತ ಹಳೆಯ ಕ್ರಮವೇ ಬೇಕೆಂಬುದು ಜಗಳದ ಒಂದು ಮುಖ್ಯ ಕಾರಣ. ಆ ಸಂಘ ಹೆಸರಿಟ್ಟುಕೊಂಡಿರುವುದು ಹತ್ತನೇ ಪಿಯುಸರದು. ಮುಂಜಾನೆಯ ಪ್ರಾರ್ಥನೆಯಲ್ಲಿ ಶತಮಾನಗಳಿಂದ ದಿನವೂ ಹಾಡುತ್ತಿದ್ದ ಬೈಬಲಿನ 148ರಿಂದ 150ರ ಕೀರ್ತನೆಗಳ ಪದ್ಧತಿಯನ್ನು 1911ರಲ್ಲಿ ಒಂದೇ ಪತ್ರದಿಂದ ನಿಲ್ಲಿಸಿದವರೂ ಅವರೇ.

ಇದನ್ನು ಹೇಳಿದಾಗ ಹುಡುಗ ಕರಪತ್ರವನ್ನು ಮಡಚಿಟ್ಟು, ‘ಹಾಗಾದರೆ ಹಳೆಯ ಪವಿತ್ರ ವಾರ ಈಗ ಎಲ್ಲೂ ಇಲ್ಲವೇ ಸರ್?’ ಎಂದ. ಇದೆ. 2018ರಲ್ಲಿ ಕೆಲವು ಸಮುದಾಯಗಳಿಗೆ 1955ರ ಹಿಂದಿನ ಕ್ರಮವನ್ನು ಪ್ರಾಯೋಗಿಕವಾಗಿ ನಡೆಸಲು ಅನುಮತಿ ಸಿಕ್ಕಿತು. ಕೊಟ್ಟವರು ಯಾರೆಂದು ಅವನು ಮತ್ತೆ ಕೇಳಿದ. ರೋಮ್, ಎಂದೆ.