ಕ್ಯಾಚರ್ ಅಂದರೆ ಯಾರು? ಫ್ಲೀಟ್ ವಾಕರ್ ಆಟದಿಂದ ತಿಳಿಯೋಣ

ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬೀಸುವವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನೇ ಕ್ಯಾಚರ್. ಎದುರಿನಿಂದ ಚೆಂಡು ಎಸೆಯುವವನು ಪಿಚರ್. ಕ್ರಿಕೆಟ್ ನೋಡಿ ಬೆಳೆದ ನಮಗೆ ಕ್ಯಾಚರ್ ಅಂದ ಕೂಡಲೇ ವಿಕೆಟ್‌ಕೀಪರ್ ನೆನಪಾಗುತ್ತಾನೆ. ಅದು ಅರ್ಧ ಮಾತ್ರ ಸರಿ. ಕ್ರಿಕೆಟ್‌ನಲ್ಲಿ ಯಾವ ಚೆಂಡು ಹಾಕಬೇಕು ಅನ್ನೋದು ಬೌಲರ್‌ಗೆ ಬಿಟ್ಟದ್ದು. ಇಲ್ಲಿ ಮುಂದಿನ ಎಸೆತ ನೇರವಾಗಿ ಬರಲಿ, ತಿರುಗಿ ಬರಲಿ ಅಂತ ಸನ್ನೆ ಮಾಡಿ ಕೇಳುವವನು ಕ್ಯಾಚರ್. ಪಿಚರ್ ಒಪ್ಪಿದರೆ ಅದನ್ನೇ ಎಸೆಯುತ್ತಾನೆ. ಇವರಿಬ್ಬರ ಜೋಡಿಗೆ ಆಟದ ಭಾಷೆಯಲ್ಲಿ ಬ್ಯಾಟರಿ ಅಂತ ಹೆಸರು.

ಈ ಸನ್ನೆ ಎದುರಾಳಿಗೆ ಮೋಸ ಮಾಡೋಕೆ ಮಾತ್ರ ಅಲ್ಲ, ಕ್ಯಾಚರ್‌ನ ಮೈ ಉಳಿಸೋಕೂ ಬೇಕು. ಚೆಂಡು ಎಲ್ಲಿಗೆ, ಎಷ್ಟು ಜೋರಾಗಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕೈ ಅಲ್ಲಿಗೆ ಸಿದ್ಧವಾಗಿರುತ್ತದೆ. ಗೊತ್ತಿಲ್ಲದಿದ್ದರೆ ಬೆರಳು ಹೋಗುತ್ತದೆ. ಅಮೆರಿಕದಲ್ಲಿ ದುಡ್ಡಿಗಾಗಿ ಬೇಸ್‌ಬಾಲ್ ಆಡಲು ಶುರುವಾದ ಕಾಲದಲ್ಲಂತೂ ಇದು ಉತ್ಪ್ರೇಕ್ಷೆಯ ಮಾತಲ್ಲ. 1884ರಲ್ಲಿ ಪಿಚರ್ ಎಸೆಯುತ್ತಿದ್ದದ್ದು ಬರೀ 50 ಅಡಿ ದೂರದಿಂದ. ಈಗ ಆ ದೂರ 60 ಅಡಿ 6 ಇಂಚು. ಮುಖಕ್ಕೆ ತಂತಿಯ ಮುಖವಾಡ ಬಂದದ್ದು 1877ರ ಸುಮಾರಿಗೆ, ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದಲ್ಲಿ. ದಪ್ಪ ಮೆತ್ತೆಯ ದೊಡ್ಡ ಗ್ಲೌಸ್ ಬಳಕೆಗೆ ಬರುವ ಹೊತ್ತಿಗೆ 1880ರ ದಶಕ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೆ ತೆಳು ಚರ್ಮದ ಕೈಗವಸು ಸಿಕ್ಕರೆ ಪುಣ್ಯ. ಎಷ್ಟೋ ಕ್ಯಾಚರ್‌ಗಳು ಬರಿಗೈಯಲ್ಲೇ ಹಿಡಿಯುತ್ತಿದ್ದರು.

ಅಂಥವರಲ್ಲಿ ಒಬ್ಬರು ಮೋಸೆಸ್ ಫ್ಲೀಟ್‌ವುಡ್ ವಾಕರ್. ಜನ ಕರೆಯುತ್ತಿದ್ದದ್ದು ಫ್ಲೀಟ್ ವಾಕರ್ ಅಂತ. ಓಹಾಯೋ ರಾಜ್ಯದ ಮೌಂಟ್ ಪ್ಲೆಸೆಂಟ್‌ನಲ್ಲಿ ಹುಟ್ಟಿದವರು. ಓಬರ್ಲಿನ್ ಕಾಲೇಜಿನಲ್ಲಿ, ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು, ಆಡಿದರು. ಕಪ್ಪು ವರ್ಣೀಯರಾದ ಅವರು ಆ ಗುರುತನ್ನು ಮುಚ್ಚಿಡದೆ ಮೇಜರ್ ಲೀಗ್ ಮಟ್ಟದಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ದರ್ಜೆಯಲ್ಲಿ ಆಡಿದರು. ಕ್ಯಾಚರ್ ಕೆಲಸ ಎಂಥದ್ದು ಅಂತ ತೋರಿಸೋಕೆ ನಾನು ಅವರನ್ನೇ ಆರಿಸಿಕೊಳ್ಳುತ್ತೇನೆ. ಯಾಕೆ ಅನ್ನೋದಕ್ಕೆ ಎರಡು ಘಟನೆ ಸಾಕು.

ಮೊದಲನೆಯದು 1881ರ ಆಗಸ್ಟ್‌ನದು. ಕ್ಲೀವ್‌ಲ್ಯಾಂಡ್‌ನ ಒಂದು ತಂಡದ ಜೊತೆ ವಾಕರ್ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಆಡಲು ಹೋಗಿದ್ದರು. ಅವರ ಬಣ್ಣದ ಕಾರಣಕ್ಕೆ ಅಲ್ಲಿನ ತಂಡ ಆಕ್ಷೇಪ ತೆಗೆಯಿತು. ಸರಿ, ಅವರ ಬದಲಿಗೆ ಇನ್ನೊಬ್ಬನನ್ನು ಬ್ಯಾಟರ್ ಹಿಂದೆ ನಿಲ್ಲಿಸಿದರು. ಒಂದೇ ಇನಿಂಗ್ಸ್‌ಗೆ (ಬೇಸ್‌ಬಾಲ್ ಪಂದ್ಯದಲ್ಲಿ ಇಂಥವು ಒಂಬತ್ತು) ಅವನ ಕೈ ಜಜ್ಜಿಹೋಯಿತು. ಇನ್ನು ನನ್ನಿಂದ ಆಗಲ್ಲ ಅಂದುಬಿಟ್ಟ. ನೋಡಲು ಬಂದ ಜನರೇ ವಾಕರ್ ಬರಲಿ ಅಂತ ಕೂಗಿದರು. ಅವರು ಮೈದಾನಕ್ಕಿಳಿದು ಒಂದಷ್ಟು ಎಸೆತ ಹಿಡಿದು ತೋರಿಸಿದರು ಕೂಡ. ಆದರೆ ಲೂಯಿವಿಲ್‌ನ ಇಬ್ಬರು ಆಟಗಾರರು ಮೈದಾನ ಬಿಟ್ಟು ಹೊರಟರು. ಕೊನೆಗೆ ಮೂರನೇ ಬೇಸ್‌ನಲ್ಲಿ (ಬೇಸ್ ಅಂದರೆ ಓಡುವವನು ಒಂದೊಂದಾಗಿ ಮುಟ್ಟಬೇಕಾದ ಗುರುತು) ನಿಲ್ಲುವವನನ್ನು ತಂದು ಆ ಜಾಗಕ್ಕೆ ಹಾಕಿ ಆಟ ಮುಂದುವರಿಸಿದರು. ಯಾರನ್ನೋ ತಂದು ನಿಲ್ಲಿಸಿದರೆ ನಡೆಯುವ ಕೆಲಸ ಇದಾಗಿರಲಿಲ್ಲ ಅನ್ನೋದು ಆ ಒಂದು ಇನಿಂಗ್ಸ್‌ನಲ್ಲೇ ಗೊತ್ತಾಗುತ್ತದೆ, ಅಲ್ವಾ?

1883ರಲ್ಲಿ ವಾಕರ್ ಟೊಲೀಡೊ ತಂಡ ಸೇರಿದರು. ಮರುವರ್ಷ ಆ ತಂಡ ಅಮೆರಿಕನ್ ಅಸೋಸಿಯೇಷನ್ ಎಂಬ ಮೇಜರ್ ಲೀಗ್‌ಗೆ ಬಂತು. 1884ರ ಮೇ 1ರಂದು, ಅದೇ ಲೂಯಿವಿಲ್‌ನಲ್ಲಿ, ವಾಕರ್ ಅವರ ಮೊದಲ ಮೇಜರ್ ಲೀಗ್ ಪಂದ್ಯ.

ಎರಡನೆಯ ಘಟನೆ ಅದೇ 1884ರದ್ದು. ಟೊಲೀಡೊದ ಮುಖ್ಯ ಪಿಚರ್ ಟೋನಿ ಮಲೇನ್. ಪಿಚರ್ ಆಗಿ ಬಹಳ ದೊಡ್ಡ ಹೆಸರು. ಕಪ್ಪು ಆಟಗಾರನ ಸನ್ನೆಗೆ ತಾನು ತಲೆಯಾಡಿಸಬೇಕಾ ಅನ್ನೋದು ಅವನ ತಕರಾರು. ವಾಕರ್ ತಿರುಗುವ ಚೆಂಡು ಕೇಳಿದರೆ ಇವನು ಜೋರಾದ ನೇರ ಚೆಂಡು ಎಸೆದ. ವಾಕರ್ ಅದನ್ನೂ ಹಿಡಿದರು. ಹಿಡಿದು ಸೀದಾ ಪಿಚರ್ ಹತ್ತಿರ ನಡೆದರು. ಸನ್ನೆಯೇ ಬೇಡ ಅಂದರೆ ಹಾಗೇ ಹಿಡಿಯುತ್ತೇನೆ, ಆದರೆ ನಾನು ಸನ್ನೆ ಮಾಡಿದ ಮೇಲೆ ನೀನು ಬೇರೆ ಎಸೆಯೋದಾದರೆ ನಾನು ಹಿಡಿಯಲ್ಲ ಅಂತ ಹೇಳಿದರು. ಆಮೇಲೆ ಆ ಸೀಸನ್ ಪೂರ್ತಿ ಏನು ಬರುತ್ತದೆ ಅಂತ ತಿಳಿಯದೆಯೇ ಮಲೇನ್‌ನ ಚೆಂಡುಗಳನ್ನು ಹಿಡಿದರು. ಇದನ್ನೆಲ್ಲ ಎಷ್ಟೋ ವರ್ಷಗಳ ಮೇಲೆ ಹೇಳಿದ್ದು ಸ್ವತಃ ಮಲೇನ್. ತಾನು ಜೊತೆಗೆ ಆಡಿದ ಕ್ಯಾಚರ್‌ಗಳಲ್ಲೆಲ್ಲ ವಾಕರ್ ಅವರೇ ಶ್ರೇಷ್ಠರು ಅಂತಲೂ ಅವನೇ ಹೇಳಿದ.

ಇಲ್ಲಿ ಲೆಕ್ಕದ ಪುಸ್ತಕದ ವಿಷಯ ಒಂದಿದೆ. ಕ್ಯಾಚರ್ ಹಿಡಿಯಬಹುದಾಗಿದ್ದ ಚೆಂಡು ತಪ್ಪಿ ಹಿಂದೆ ಹೋಗಿ, ಬೇಸ್‌ನಲ್ಲಿದ್ದ ಎದುರಾಳಿ ಮುಂದೆ ಓಡಿದರೆ ಅದನ್ನು ಪಾಸ್ಡ್ ಬಾಲ್ ಅಂತ ಕ್ಯಾಚರ್ ಹೆಸರಿಗೆ ಬರೆಯುತ್ತಾರೆ. ಪಿಚರ್ ಸನ್ನೆ ನೋಡಿದನಾ ಇಲ್ವಾ ಅಂತ ಬರೆಯೋಕೆ ಅಲ್ಲಿ ಕಾಲಂ ಇಲ್ಲ. ಹಾಗಾಗಿ ವಾಕರ್ ಅವರ ಹೆಸರಿನ ಮುಂದಿರುವ ತಪ್ಪುಗಳ ಸಂಖ್ಯೆ ನೋಡಿ ಅವರನ್ನು ಅಳೆಯೋದು ಅನ್ಯಾಯ ಅಂತಲೇ ನನಗನಿಸುತ್ತದೆ. ಬ್ಯಾಟಿಂಗ್ ಸರಾಸರಿ .263 ಇತ್ತು, ಅಂದರೆ ಸಾವಿರ ಅವಕಾಶಕ್ಕೆ 263 ಬಾರಿ ಚೆಂಡು ಹೊಡೆದು ಬೇಸ್ ತಲುಪಿದ ಲೆಕ್ಕ. ಚೆಂಡು ಹಿಡಿದು ಹಿಡಿದು ಊದಿದ ಕೈಯಲ್ಲಿ ಬ್ಯಾಟ್ ಬೀಸಬೇಕಿದ್ದ ಆ ಕಾಲದ ಕ್ಯಾಚರ್‌ಗೆ ಅದು ಒಳ್ಳೆಯ ಆಟ.

ಆ ವರ್ಷದ ಜುಲೈನಲ್ಲಿ ಚೆಂಡು ಬಡಿದು ಪಕ್ಕೆಲುಬು ಮುರಿಯಿತು. 42 ಪಂದ್ಯಗಳಿಗೇ ಅವರ ಮೇಜರ್ ಲೀಗ್ ಆಟ ಮುಗಿಯಿತು. ಅದರ ಕೆಳಗಿನ ಲೀಗ್‌ಗಳಲ್ಲಿ ಇನ್ನೂ ಐದು ವರ್ಷ ಆಡಿದರು. 1887ರಲ್ಲಿ ನ್ಯೂವರ್ಕ್ ತಂಡದಲ್ಲಿ ಜಾರ್ಜ್ ಸ್ಟೋವಿ ಎಂಬ ಕಪ್ಪು ಪಿಚರ್ ಜೊತೆ ಸೇರಿ ಬ್ಯಾಟರಿ ಆದರು. ಸ್ಟೋವಿ ಆ ವರ್ಷ 30ಕ್ಕೂ ಜಾಸ್ತಿ ಪಂದ್ಯ ಗೆದ್ದ. ಸನ್ನೆಗೆ ಬೆಲೆ ಕೊಡುವ ಪಿಚರ್ ಸಿಕ್ಕರೆ ವಾಕರ್ ಏನು ಮಾಡಬಲ್ಲರು ಅನ್ನೋದನ್ನು ನಾನು ಈ ಜೋಡಿಯಲ್ಲಿ ನೋಡುತ್ತೇನೆ. ಅದೇ ವರ್ಷ ಜುಲೈ 14ರಂದು, ನ್ಯೂವರ್ಕ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ಮಾಲೀಕರು ಸೇರಿ, ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡ ಅಂತ ಮತ ಹಾಕಿದರು.

ಅದರ ಮೇಲೂ ವಾಕರ್ ಸಿರಕ್ಯೂಸ್ ತಂಡಕ್ಕೆ ಹೋಗಿ 1889ರವರೆಗೆ ಆಡಿದರು. ಅವರು ಹೋದ ಮೇಲೆ ಆ ಲೀಗ್‌ನಲ್ಲಿ ಇನ್ನೊಬ್ಬ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1946ರಲ್ಲಿ, ಮಾಂಟ್ರಿಯಲ್ ತಂಡದ ಜಾಕಿ ರಾಬಿನ್ಸನ್. ವಾಕರ್ 1924ರಲ್ಲೇ ತೀರಿಕೊಂಡಿದ್ದರು.