‘ನೀರಿನ ಪರಮಾಣು’ ಅಂತ ಒಂದಿಲ್ಲ ಕಣ್ರೀ

ಹೋದ ವಾರ ಅಕ್ಕನ ಮಗನ ಜೊತೆ ದಾವಣಗೆರೆಲಿ ಒಂದು ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ, ಥರ್ಮಾಕೋಲ್ ಗುಂಡು ಅಂಟಿಸಿ ಚೆಂದ ಮಾಡೆಲ್ ಮಾಡಿದ್ರು, ಕೆಂಪು ದೊಡ್ಡದು ಒಂದು, ಬಿಳಿ ಸಣ್ಣವು ಎರಡು, ಕೆಳಗೆ ದಪ್ಪಕ್ಷರದಲ್ಲಿ ‘ನೀರಿನ ಪರಮಾಣು’. ಮಕ್ಕಳನ್ನ ಬೈದು ಏನ್ ಬಂತು, ದೊಡ್ಡೋರೇ ದಿನಾ ಹಂಗೆ ಬರೀತಾರೆ. ನೀರಿಗಿರೋದು ಅಣು. ಆ ಒಂದು ಅಣು ಒಳಗೆ ಹೈಡ್ರೋಜನ್ ಪರಮಾಣು ಎರಡು, ಆಕ್ಸಿಜನ್ ಪರಮಾಣು ಒಂದು.

ಗೊಂದಲ ಪದದಲ್ಲೇ ಐತೆ. ಸಂಸ್ಕೃತದಲ್ಲಿ ಅಣು ಅಂದ್ರೆ ಬರೀ ಸೂಕ್ಷ್ಮ, ‘ಪರಮ’ ಸೇರಿದ್ರೆ ಅದಕ್ಕಿಂತ ಸಣ್ಣದಿಲ್ಲ ಅಂತ. ಕಣಾದ ಋಷಿಯ ದಾರಿ ಹಿಡಿದ ಹಳೇ ಕಾಲದ ದಾರ್ಶನಿಕರು, ಅಂದ್ರೆ ವೈಶೇಷಿಕರ ಪ್ರಕಾರ ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ, ಅದೇ ಬಿಸಿಲುಕೋಲಲ್ಲಿ ಕಾಣೋ ಧೂಳಿನ ಕಣ. ನಮ್ಮೂರ ಮಂಡಕ್ಕಿ ಭಟ್ಟಿ ಒಳಗೆ ಬೆಳಗ್ಗೆ ಹೋಗಿ ನಿಂತ್ಕೊಳ್ಳಿ, ಶೀಟಿನ ತೂತಿಂದ ಬಿಸಿಲು ಇಳಿದಲ್ಲೆಲ್ಲ ಧೂಳು ಮಿಣಮಿಣ ತೇಲ್ತಿರುತ್ತೆ. ಅವರ ಲೆಕ್ಕಕ್ಕೆ ಅಂಥ ಒಂದು ಕಣದಲ್ಲಿ ಆರೇ ಪರಮಾಣು, ಇವತ್ತಿನ ಲೆಕ್ಕಕ್ಕೆ ಕೋಟಿ ಕೋಟಿ. ವಿಚಾರ ದೊಡ್ಡದೇ, ಆದ್ರೆ ಅದು ತರ್ಕ, ಪುರಾವೆ ಅಲ್ಲ, ‘ಕಣಾದರು ಎಲ್ಲ ಹೇಳಿಬಿಟ್ಟಿದ್ರು’ ಅಂತ ಫಾರ್ವರ್ಡ್ ಮಾಡೋರು ಇದನ್ನ ಬಿಟ್ಟೇಬಿಡ್ತಾರೆ. ಗ್ರೀಕರ ಆಟಮ್ ಅಂದ್ರೂ ‘ಕತ್ತರಿಸೋಕಾಗದ್ದು’ ಅಂತ, ಅದಕ್ಕೆ ಪರಮಾಣು ಸರಿಹೋಯ್ತು, ಉಳಿದ ಅಣು ಅನ್ನೋ ಪದಾನ ಪಠ್ಯಪುಸ್ತಕದೋರು ಮಾಲಿಕ್ಯೂಲ್‌ಗೆ ಇಟ್ಕೊಂಡ್ರು.

ಪರಮಾಣು ಸಿದ್ಧಾಂತ ಕೊಟ್ಟ ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ನೇ ನೀರಿನ ಕಣಾನ ಸಂಯುಕ್ತ ಪರಮಾಣು ಅಂತಿದ್ದ, ಅದ್ರಲ್ಲಿ ಹೈಡ್ರೋಜನ್ ಒಂದೇ ಅಂತ ತಿಳಿದಿದ್ದ. ಇಟಲಿಯ ಅವೊಗಾಡ್ರೊ ಅಣು ಬೇರೆ ಪರಮಾಣು ಬೇರೆ ಅಂತ 1811ರಲ್ಲೇ ಬಿಡಿಸಿ ಹೇಳಿದ್ರೂ ರಸಾಯನಶಾಸ್ತ್ರದೋರು ಒಪ್ಪಿ ಸರಿಮಾಡ್ಕೊಳ್ಳೋಕೆ 1860 ದಾಟ್ತು.

ಪುರಾವೆ ಬೇಕಂದ್ರೆ ಭಟ್ಟಿಯ ಧೂಳು ನೋಡಬೇಡಿ, ಅದನ್ನ ಕುಣಿಸೋದು ಗಾಳಿ. ಹಾಲಿಗೆ ಚೆನ್ನಾಗಿ ನೀರು ಬೆರೆಸಿ ಒಂದು ಹನಿ ಮೈಕ್ರೋಸ್ಕೋಪ್ ಕೆಳಗಿಡಿ, ಕಾಲೇಜಲ್ಲಿ ನಾನು ನೋಡಿದೀನಿ, ಜಿಡ್ಡಿನ ಸಣ್ಣ ಸಣ್ಣ ಗುಂಡು ನಿಂತಲ್ಲಿ ನಿಲ್ಲದೆ ನಡುಗ್ತಾನೇ ಇರ್ತಾವೆ, ಕಾಣದ ನೀರಿನ ಅಣುಗಳು ನಾಲ್ಕೂ ಕಡೆಯಿಂದ ಗುದ್ದೋದಕ್ಕೆ. 1827ರಲ್ಲಿ ಸಸ್ಯಶಾಸ್ತ್ರಜ್ಞ ಬ್ರೌನ್ ಕಂಡಿದ್ದು ಇಂಥ ನಡುಕಾನೇ. 1905ರಲ್ಲಿ ಐನ್‌ಸ್ಟೈನ್ ಈ ನಡುಕದ ಲೆಕ್ಕ ಹಾಕಿದ, ಫ್ರಾನ್ಸಿನ ವಿಜ್ಞಾನಿ ಪೆರಿನ್ ಕೂತು ಒಂದೊಂದೇ ಕಣ ಅಳೆದು ತಾಳೆ ನೋಡಿದ, ಆಮೇಲೆ ಅಣು ಪರಮಾಣು ಬರೀ ಕಲ್ಪನೆ ಅನ್ನೋರ ಬಾಯಿ ಮುಚ್ತು. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು.

ಇನ್ನು ‘ಒಡೆಯೋದು’. ಇಡ್ಲಿ ಪಾತ್ರೆಲಿ ನೀರು ಕುದ್ದಾಗ ಅಣು ಒಡೆಯಲ್ಲ, ಒಂದರಿಂದ ಒಂದು ದೂರ ಆಗ್ತವೆ ಅಷ್ಟೇ, ಹಬೆನೂ ಅದೇ ನೀರು. ಕರೆಂಟ್ ಹಾಯಿಸಿದ್ರೆ ಅಣು ಒಡೆದು ಹೈಡ್ರೋಜನ್ನು ಆಕ್ಸಿಜನ್ನು ಬೇರೆ ಆಗ್ತವೆ, ಪರಮಾಣುಗಳು ಹಂಗೇ ಇರ್ತವೆ. ಕೈಗಾದ ವಿದ್ಯುತ್ ಸ್ಥಾವರದಲ್ಲಿ ಒಡೆಯೋದು ಯುರೇನಿಯಂ ಪರಮಾಣುವಿನ ನಡುವಿರೋ ನ್ಯೂಕ್ಲಿಯಸ್‌ನ. ಹಂಗಾಗಿ ‘ಅಣು ವಿದ್ಯುತ್’ ತಪ್ಪೇ, ಆದ್ರೂ ಅಣುಬಾಂಬ್ ಅನ್ನೋದು ಹೆಂಗಸರು ಮಕ್ಕಳ ಬಾಯಲ್ಲೂ ಕೂತುಬಿಟ್ಟೈತೆ, ಅದನ್ನ ಇನ್ನು ಕೀಳೋಕಾಗಲ್ಲ. ಪಾಠದ ಚಾರ್ಟಲ್ಲಾದ್ರೂ ಸರಿ ಬರೀಬೇಕಲ್ವಾ? ಹೀಲಿಯಂ, ನಿಯಾನ್, ಆರ್ಗಾನ್‌ನಂಥ ಅನಿಲಗಳು ಮಾತ್ರ ಒಂಟಿ ಪರಮಾಣುಗಳಾಗೇ ಓಡಾಡ್ತವೆ, ಅಲ್ಲಿ ಯಾವುದು ಅಂದ್ರೂ ನನ್ನ ತಕರಾರಿಲ್ಲ.