‘ಏನೂ ಆಗಲ್ಲ ಕಂದಾ’ ಅಂತ ಎಷ್ಟು ಸಲ ಹೇಳಬೇಕು?

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಓಸಿಡಿ (ಗೀಳು ಕಾಯಿಲೆ) ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಕೈ ತೊಳೆದು ಬಂದು, ‘ಅಮ್ಮಾ, ಸರಿಯಾಗಿ ಹೋಯ್ತಾ? ನನ್ನಿಂದ ತಮ್ಮನಿಗೆ ಕಾಯಿಲೆ ಬರಲ್ಲ ಅಲ್ವಾ?’ ಎಂದು ಕೇಳುತ್ತಾಳೆ. ‘ಬರಲ್ಲ’ ಅಂದರೆ ಸುಮ್ಮನಾಗುತ್ತಾಳೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ದಿನಾ ತಮ್ಮನ ತಲೆ ಬಾಚುತ್ತಿದ್ದವಳು ಈಗ ಅವನನ್ನು ಮುಟ್ಟುವುದೂ ಇಲ್ಲ. ನಾನು ಉತ್ತರ ಕೊಡಬೇಕೋ, ಬೇಡವೋ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಒಬ್ಬರ ಮನೆಯಲ್ಲಿ ಕೈ ತೊಳೆಯುವುದು, ಇನ್ನೊಬ್ಬರ ಮನೆಯಲ್ಲಿ ಬಾಗಿಲ ಚಿಲಕ, ಮತ್ತೊಬ್ಬರಲ್ಲಿ ಹೋಮ್‌ವರ್ಕ್ ಅಳಿಸಿ ಅಳಿಸಿ ಬರೆಯುವುದು. ಕೊನೆಯ ಸಾಲು ಮಾತ್ರ ಎಲ್ಲರದ್ದೂ ಒಂದೇ. ಕೇಳಿದ್ದನ್ನೇ ಕೇಳಿದರೆ, ಹೇಳಿದ್ದನ್ನೇ ಹೇಳಿದರೆ ಎಷ್ಟು ಸುಸ್ತಾಗುತ್ತದೆ ಎಂಬುದರಲ್ಲಿ ನಾನೂ ನೀವೂ ಒಂದೇ ದೋಣಿಯವರು.

ಒಂದು ಸಲ ಉತ್ತರ ಕೊಡಿ. ಅದೇ ಪ್ರಶ್ನೆ ಎರಡನೇ ಸಲ ಬಂದರೆ ಬೇಡ. ಆದರೆ ಇದನ್ನು ಓದಿ ನಾಳೆ ಬೆಳಿಗ್ಗೆಯೇ ದಿಢೀರನೆ ಬಾಯಿ ಮುಚ್ಚಿಕೊಳ್ಳಬೇಡಿ. ಅದಕ್ಕೊಂದು ಕ್ರಮ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಆ ಹಳೆಯ ನಂಬಿಕೆಯ ಬುಡಕ್ಕೆ ಕೈ ಹಾಕಬೇಕು: ‘ಸಮಾಧಾನ ಹೇಳಿದರೆ ಭಯ ಕಡಿಮೆಯಾಗುತ್ತದೆ.’ ಮಾಮೂಲಿ ಭಯವಾದರೆ ಹೌದು. ಗುಡುಗಿಗೆ ಹೆದರಿದ ಮಗುವಿಗೆ ಒಂದು ಸಲ ಹೇಳಿದರೆ ಸಾಕು. ಗೀಳಿನ ದಾರಿ ಬೇರೆ. ಅದರಲ್ಲಿ ಎರಡು ತುಂಡುಗಳಿವೆ. ಬೇಡವೆಂದರೂ ನುಗ್ಗಿ ಬರುವ ಯೋಚನೆ ಒಂದು. ಆ ಸಂಕಟ ಇಳಿಸಿಕೊಳ್ಳಲು ಮಾಡುವ ಕೆಲಸ ಇನ್ನೊಂದು. ಕೈ ತೊಳೆಯುವುದು ಎರಡನೆಯದು ಎಂದು ಎಲ್ಲರಿಗೂ ಗೊತ್ತು. ನಿಮ್ಮನ್ನು ಕೇಳುವುದೂ ಅದೇ ಸಾಲಿಗೆ ಸೇರುತ್ತದೆ ಎಂಬುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ನಿಮ್ಮ ‘ಬರಲ್ಲ’ ಅವಳಿಗೆ ಇನ್ನೊಂದು ಸೋಪು.

‘ಆದರೆ ಹೇಳಿದ ತಕ್ಷಣ ಸುಮ್ಮನಾಗುತ್ತಾಳಲ್ಲ?’ ಆಗುತ್ತಾಳೆ. ತುರಿಕಜ್ಜಿ ಕೆರೆದಾಗಲೂ ಹಾಯೆನಿಸುತ್ತದೆ. ಆ ಐದು ನಿಮಿಷದ ನೆಮ್ಮದಿಯಲ್ಲಿ ಅವಳ ಮನಸ್ಸು ಒಂದು ಪಾಠ ಕಲಿಯುತ್ತದೆ: ‘ಅಮ್ಮ ಹೇಳಿದ್ದಕ್ಕೆ ಬಚಾವಾದೆ.’ ಅಂದರೆ ಅಪಾಯ ನಿಜವಾಗಿಯೂ ಇತ್ತು ಎಂದಾಯಿತು. ಭಯ ಏರಿ, ಯಾರೂ ಏನೂ ಮಾಡದಿದ್ದರೂ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೂ ತಡೆದುಕೊಳ್ಳಬಹುದು ಎಂಬ ಪಾಠ ಕಲಿಯಲು ಅವಳಿಗೆ ಅವಕಾಶವೇ ಸಿಗುವುದಿಲ್ಲ.

‘ಇನ್ನೂ ಚೆನ್ನಾಗಿ ವಿವರಿಸಿದರೆ?’ ಇದು ಹೆಚ್ಚಾಗಿ ಅಪ್ಪಂದಿರ ಪ್ರಶ್ನೆ. ರೋಗಾಣು ಎಂದರೇನು, ಸೋಪು ಹೇಗೆ ಕೆಲಸ ಮಾಡುತ್ತದೆ, ಎಲ್ಲ ಪಾಠ ಆಗುತ್ತದೆ. ಮಗು ತಲೆಯಾಡಿಸಿ, ‘ಸೋಪು ಹತ್ತದ ಜಾಗ ಇದ್ದರೆ?’ ಎನ್ನುತ್ತದೆ. ಅವಳಿಗೆ ಮಾಹಿತಿಯ ಕೊರತೆ ಇಲ್ಲ ಸ್ವಾಮಿ. ಕೈ ಶುಚಿಯಾಗಿದೆ ಎಂದು ನಿಮಗಿಂತ ಚೆನ್ನಾಗಿ ಅವಳಿಗೇ ಗೊತ್ತಿರಬಹುದು. ಗೀಳು ಕೇಳುವುದು ನೂರಕ್ಕೆ ನೂರು ಖಾತರಿ. ಅದನ್ನು ಕೊಡಲು ಯಾರಿಂದಲೂ ಆಗದು. ನೀವು ತೊಂಬತ್ತೊಂಬತ್ತು ಕೊಟ್ಟರೆ ಅದು ಉಳಿದ ಒಂದನ್ನು ಹಿಡಿದು ಕೂರುತ್ತದೆ.

‘ಹಾಗಾದರೆ ಗದರಿಸೋಣವೇ?’ ಅದೂ ಅಲ್ಲ. ಇದು ಹಟ ಅಲ್ಲ. ಗದರಿಸಿದರೆ ಕೇಳುವುದು ನಿಲ್ಲಬಹುದು. ಆಗ ಅದೇ ಪ್ರಶ್ನೆ ಮನಸ್ಸಿನೊಳಗೇ ತಿರುಗುತ್ತದೆ, ಇನ್ನು ಮುಂದೆ ನಿಮಗೆ ಕಾಣುವುದೂ ಇಲ್ಲ.

ನಿಮ್ಮ ಸಮಾಧಾನದ ಮಾತಿನಿಂದಲೇ ಕಾಯಿಲೆ ಬಂತು ಎಂದುಕೊಂಡು ಅಳುತ್ತಾ ಕೂರಬೇಡಿ. ಬಂದದ್ದು ಅದರಿಂದಲ್ಲ, ಬಂದದ್ದು ಹೋಗಲು ಮಾತ್ರ ಅದು ಅಡ್ಡ. ಓಸಿಡಿ ಇರುವ ಮಕ್ಕಳ ಮನೆಗಳಲ್ಲಿ ಬಹುಪಾಲು ಎಲ್ಲರೂ ಹೀಗೆಯೇ ಒಗ್ಗಿಕೊಂಡಿರುತ್ತಾರೆ. ಇದಕ್ಕೆ ಫ್ಯಾಮಿಲಿ ಅಕಾಮಡೇಶನ್ ಎಂಬ ಹೆಸರೂ ಇದೆ.

ಇನ್ನು ಕ್ರಮ. ಅವಳು ನಿರಾಳವಾಗಿರುವ ಹೊತ್ತು ನೋಡಿ ಕೂರಿಸಿಕೊಂಡು ಮೊದಲೇ ಹೇಳಿ: ‘ಇಷ್ಟು ದಿನ ನಾನು ಉತ್ತರ ಹೇಳಿ ಹೇಳಿ ಗೀಳಿಗೆ ಬಲ ಕೊಟ್ಟೆ. ಇನ್ನು ನಿನ್ನ ಕಡೆ ನಿಲ್ಲುತ್ತೇನೆ.’ ಗೀಳಿಗೆ ಅವಳೇ ಒಂದು ಅಡ್ಡಹೆಸರು ಇಟ್ಟರೆ ಇನ್ನೂ ಒಳ್ಳೆಯದು. ಬೈಯಲು ಯಾರಾದರೂ ಬೇಕಲ್ಲ, ಅದು ಮಗು ಆಗದಿರಲಿ. ಒಂದೇ ಒಂದು ಪ್ರಶ್ನೆಯಿಂದ ಶುರುಮಾಡಿ. ಅದು ಮತ್ತೆ ಬಂದಾಗ, ‘ನಿನಗೆ ತುಂಬಾ ಕಷ್ಟ ಆಗ್ತಿದೆ ಅಂತ ಗೊತ್ತು. ನೀನು ತಡ್ಕೋತೀಯ ಅಂತಲೂ ಗೊತ್ತು’ ಎನ್ನಿ. ಅಷ್ಟೇ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಅಪ್ಪ ಅಮ್ಮಂದಿರಿಗೆ ಕಲಿಸುವ ಪದ್ಧತಿಯಲ್ಲೂ ಈ ಎರಡು ಮಾತುಗಳೇ ಮುಖ್ಯ: ಕಷ್ಟ ಒಪ್ಪಿಕೊಳ್ಳುವುದು, ನಂಬಿಕೆ ತೋರಿಸುವುದು. ಮೊದಮೊದಲು ಕೇಳುವುದು ಜಾಸ್ತಿಯಾಗುತ್ತದೆ, ಅಳುವೂ ಬರುತ್ತದೆ. ಮೂರನೇ ದಿನ ಸೋತು ಉತ್ತರ ಹೇಳಿಬಿಟ್ಟರೆ, ಜಾಸ್ತಿ ಅತ್ತರೆ ಸಿಗುತ್ತದೆ ಎಂದು ಗೀಳು ಕಲಿಯುತ್ತದೆ. ನೀವು ಬಿಗಿಯಾಗಿದ್ದು, ಅಜ್ಜಿ ಪಕ್ಕದ ಕೋಣೆಯಲ್ಲಿ ಪಿಸುಮಾತಲ್ಲಿ ‘ಏನಾಗಲ್ಲ ಪುಟ್ಟಿ’ ಅಂದರೂ ಅಷ್ಟೇ. ಮನೆಯವರೆಲ್ಲ ಒಂದೇ ಮಾತಿನಲ್ಲಿರಬೇಕು. ಅವಳು ಸಾಯುವ ಮಾತು ಆಡಿದರೆ ಮಾತ್ರ ಇದೆಲ್ಲ ಬದಿಗಿಟ್ಟು ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಇದು ಚಿಕಿತ್ಸೆಗೆ ಜೊತೆ, ಬದಲಿ ಅಲ್ಲ. ಗೀಳಿಗೆ ಇರುವ ಥೆರಪಿಯ ಹೆಸರು ಇಆರ್‌ಪಿ: ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು, ಗೀಳು ಹೇಳಿದ ಕೆಲಸ ಮಾಡದಿರುವುದು. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಪ್ರಕಟಿಸಿದ ಪ್ರಯೋಗದಿಂದ ಇದು ಬೆಳೆಯಿತು. 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಹೊರಬಂದ ಅಧ್ಯಯನದಲ್ಲಿ ಈ ಬಗೆಯ ಥೆರಪಿ ಮತ್ತು ಸರ್ಟ್ರಲೀನ್ ಮಾತ್ರೆ ಎರಡೂ ಸೇರಿದಾಗ ಫಲ ಹೆಚ್ಚು ಸಿಕ್ಕಿತು. ಮಾತ್ರೆ ಬೇಕೋ ಬೇಡವೋ ಎಂಬುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಕೊಟ್ಟರೆ ಕೆಲಸ ಮಾಡಲು ವಾರಗಳೇ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ನಿಮ್ಮ ಪತ್ರದಲ್ಲೇ ಅಡಗಿದೆ ಅನಿಸುತ್ತದೆ. ಯಾವಾಗಲೂ ತಮ್ಮನೇ ಯಾಕೆ? ಹೊಟ್ಟೆಕಿಚ್ಚಾ? ಅವನನ್ನು ಅವಳ ಹತ್ತಿರ ಒಂಟಿಯಾಗಿ ಬಿಡಬಹುದಾ?

ಬಿಡಬಹುದು. ಗೀಳು ಹೆಚ್ಚಾಗಿ ಕಚ್ಚುವುದು ಪ್ರೀತಿ ಇರುವ ಜಾಗವನ್ನೇ. ತಮ್ಮ ಬೇಡವಾಗಿದ್ದರೆ ಅವನಿಗೆ ಕಾಯಿಲೆ ಬಂದೀತು ಎಂದು ಇವಳೇಕೆ ಕೈ ಸುಲಿಯುವಷ್ಟು ತೊಳೆಯಬೇಕು? ‘ನಾನೇ ತಮ್ಮನನ್ನು ತಳ್ಳಿಬಿಟ್ಟರೆ’ ಎಂಬಂಥ ಯೋಚನೆಯೂ ಕೆಲವು ಮಕ್ಕಳಿಗೆ ಬರುತ್ತದೆ. ನಾಚಿಕೆಯಿಂದ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಇಂಥ ಯೋಚನೆಗಳು ಗೀಳು ಇಲ್ಲದವರಲ್ಲೂ ಹೆಚ್ಚಿನವರಿಗೆ ಬಂದು ಹೋಗುತ್ತವೆ ಎಂದು ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಡಿ ಸಿಲ್ವ 1978ರಲ್ಲೇ ತೋರಿಸಿದ್ದರು. ನಮಗೆ ಬಂದರೆ ‘ಥೂ’ ಎಂದು ಮುಂದೆ ಹೋಗುತ್ತೇವೆ. ಗೀಳು ಇರುವ ಮಗು ಅಲ್ಲೇ ನಿಂತು, ‘ಹೀಗೆ ಅನ್ನಿಸಿತಲ್ಲ, ನಾನು ಕೆಟ್ಟವಳಾ?’ ಎಂದು ತನ್ನ ಮೇಲೆ ತಾನೇ ವಿಚಾರಣೆ ನಡೆಸುತ್ತದೆ.

ಅವಳು ಅಂಥದ್ದೇನಾದರೂ ಹೇಳಿಕೊಂಡರೆ ಬೆಚ್ಚಿಬೀಳದೆ ಕೇಳಿ, ಥೆರಪಿಸ್ಟ್‌ಗೆ ತಿಳಿಸಿ. ದಿನಾ ಅದನ್ನೇ ಒಪ್ಪಿಸಲು ಬಂದರೆ ಅದೂ ಕೈ ತೊಳೆದ ಹಾಗೆಯೇ, ಮೇಲೆ ಹೇಳಿದ ಕ್ರಮವೇ ಸಾಕು. ತಮ್ಮನನ್ನು ಮಾತ್ರ ಅವಳಿಂದ ದೂರ ಮಾಡಬೇಡಿ, ‘ಪರವಾಗಿಲ್ಲ, ಇನ್ನು ಮೇಲೆ ನಾನೇ ಬಾಚ್ತೀನಿ’ ಎಂದು ಅವಳ ಕೆಲಸ ಕಿತ್ತುಕೊಳ್ಳಲೂ ಬೇಡಿ. ಬಾಚಣಿಗೆ ಅವಳ ಕೈಗೆಟುಕುವ ಜಾಗದಲ್ಲೇ ಇರಲಿ. ಥೆರಪಿಯ ಮೆಟ್ಟಿಲುಗಳಲ್ಲಿ ಅದೂ ಒಂದಾಗಬಹುದು.